ಐದು ಚಿತ್ರಗಳಲ್ಲಿ ಎರಡೂವರೆ ನನ್ನವು

ಅಭಿರುಚಿಯುಳ್ಳ ಮನುಷ್ಯನಿಗೆ ಆಫೀಸಿನಲ್ಲಿ ಸಿಗುವ ಗೌರವದ ಕಾಲು ಭಾಗವೂ ಮನೆಯಲ್ಲಿ ಸಿಗುವುದಿಲ್ಲ ಎಂಬುದು ನನ್ನ ಬಹುದಿನದ ದೂರು. ಆಫೀಸಿನಲ್ಲಿಯೂ ಅಂಥದ್ದೇನೂ ಸಿಗುತ್ತಿಲ್ಲ ಎಂದು ನನ್ನ ಹೆಂಡತಿ ಇದನ್ನು ಓದಿದರೆ ಸೇರಿಸುತ್ತಾಳೆ. ಅವಳಿಗೆ ಆ ಶ್ರಮ ಬೇಡವೆಂದು ನಾನೇ ಸೇರಿಸಿದ್ದೇನೆ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಲೀಟರಿನ ಅಳತೆ ಪಾತ್ರೆ ಎಲ್ಲ ಸರಿಯಾಗಿವೆಯೇ ಎಂದು ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು ನನ್ನ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ಕಣ್ಣಾರೆ ನೋಡದ ಒಂದೇ ಒಂದು ಕಲ್ಲಿಗೂ ನಾನು ಮುದ್ರೆ ಒತ್ತಿದವನಲ್ಲ. (ಈ ಮಾತನ್ನು ನಮ್ಮ ಸಾಹೇಬರು ಎರಡು ಸಲ ಭಾಷಣದಲ್ಲಿ ಬಳಸಿದ್ದಾರೆ. ಒಂದು ಸಲ ನನ್ನ ಕಡೆ ಕೈಯನ್ನೂ ತೋರಿಸಿದರು.)

ನಮ್ಮ ಇಲಾಖೆಗೊಂದು ಮನರಂಜನಾ ಸಂಘವಿದೆ. ಅದರ ಆಸ್ತಿ ಎಂದರೆ ಕಾಯಿಗಳು ಕಡಿಮೆಯಾದ ಒಂದು ಕೇರಂ ಬೋರ್ಡು, ಗಾಳಿ ನಿಲ್ಲದ ಒಂದು ಫುಟ್‌ಬಾಲು. ಈ ವರ್ಷ ಸಾಹೇಬರಿಗೆ ಏನು ಹೊಳೆಯಿತೋ, ಪ್ರತಿ ತಿಂಗಳ ಕಡೆಯ ಶನಿವಾರ ಮಧ್ಯಾಹ್ನ ಸಭಾಂಗಣದಲ್ಲಿ ಒಂದು ಒಳ್ಳೆಯ ಚಲನಚಿತ್ರ ತೋರಿಸಬೇಕೆಂದು ಅಪ್ಪಣೆ ಕೊಡಿಸಿದರು. ಚಿತ್ರ ಆರಿಸಲು ಒಬ್ಬ ಸಂಚಾಲಕ ಬೇಕು. ಆಸೆಯಿರುವವರು ತಮ್ಮ ಮೆಚ್ಚಿನ ಐದು ಚಿತ್ರಗಳ ಪಟ್ಟಿಯನ್ನು, ಯಾಕೆ ಮೆಚ್ಚು ಎಂಬ ಎರಡು ಸಾಲಿನೊಂದಿಗೆ, ನೋಟಿಸ್ ಬೋರ್ಡಿಗೆ ಹಾಕಬೇಕು. ಎಲ್ಲರೂ ಓದಿ ಒಪ್ಪಿದ ಪಟ್ಟಿಯ ಮೊದಲ ಚಿತ್ರವನ್ನು ತೋರಿಸಿ, ಆಮೇಲೆ ಆ ಪಟ್ಟಿಯವನನ್ನೇ ಸಂಚಾಲಕನನ್ನಾಗಿ ಮಾಡುವುದು. ಇಷ್ಟು ನಿಯಮ.

ಆ ಪದವಿ ನನಗೆ ಬೇಕಿತ್ತು. ಯಾಕೆ ಬೇಕಿತ್ತು ಎಂದು ಕೇಳಬೇಡಿ. ಇಪ್ಪತ್ತಾರು ವರ್ಷ ಕಲ್ಲು ತೂಗಿದವನಿಗೆ, ಇವನೊಳಗೂ ಏನೋ ಇದೆ ಎಂದು ನಾಲ್ಕು ಜನ ಹೇಳಲಿ ಎಂಬ ಆಸೆ ಹುಟ್ಟುತ್ತದೆ. ಅದರಲ್ಲೂ ಮೊದಲ ಪಟ್ಟಿ ಹಾಕಿದವನು ನಮ್ಮ ಸ್ಟೋರ್‌ಕೀಪರು. ಅವನನ್ನು ಎಲ್ಲರೂ ಗುಂಡುಸೂಜಿ ಎನ್ನುತ್ತಾರೆ, ಒಂದು ಗುಂಡುಸೂಜಿ ಕೇಳಿದರೂ ರಿಜಿಸ್ಟರು ಮುಂದಿಟ್ಟು ಸಹಿ ಹಾಕಿಸಿಕೊಳ್ಳುವವನಾದ್ದರಿಂದ. ಅವನ ಐದೂ ಚಿತ್ರಗಳು ಹೊಡೆದಾಟದವು. ಕಾರಣದ ಜಾಗದಲ್ಲಿ ಮೊದಲನೆಯದಕ್ಕೆ 'ಚೆನ್ನಾಗಿದೆ' ಎಂದು ಬರೆದು, ಮಿಕ್ಕ ನಾಲ್ಕಕ್ಕೆ 'ಅದೇ' ಎಂದು ಬರೆದಿದ್ದ.

ಮನೆಗೆ ಬಂದವನೇ ಬಿಳಿ ಹಾಳೆ, ಸ್ಕೇಲು, ಎರಡು ಬಣ್ಣದ ಪೆನ್ನು ಇಟ್ಟುಕೊಂಡು ಊಟದ ಮೇಜಿನ ಮುಂದೆ ಕೂತೆ. ಹಾಳೆಗೆ ಅಂಚು ಗೆರೆ ಹಾಕಿದೆ. ಒಂದರಿಂದ ಐದರವರೆಗೆ ಅಂಕಿ ಬರೆದೆ. ಅಷ್ಟಕ್ಕೇ ಅರ್ಧ ಗಂಟೆಯಾಯಿತು.

"ಏನ್ರೀ ಅದು, ಹೊಸ ತಕ್ಕಡಿದು ನಕ್ಷೆನಾ?" ಎಂದಳು ಹೆಂಡತಿ, ಮೇಜಿನ ಇನ್ನೊಂದು ತುದಿಯಲ್ಲಿ ಬಟ್ಟೆ ಮಡಿಸುತ್ತಾ.

"ನನ್ನ ಮನಸ್ಸನ್ನು ಸೂರೆಗೊಂಡ ಐದು ಚಲನಚಿತ್ರಗಳ ಪಟ್ಟಿ," ಎಂದೆ.

"ನೀವು ಐದು ಪಿಚ್ಚರ್ ನೋಡಿದ್ದೀರಾ?"

"ಮೂವತ್ತಕ್ಕೆ ಕಡಿಮೆಯಿಲ್ಲ."

"ಮೂವತ್ತು ಅರ್ಧ. ಅಂದ್ರೆ ಹದಿನೈದು."

ಇಲ್ಲಿ ಓದುಗರಿಗೆ ನಮ್ಮ ಸಂಸಾರದ ಒಂದು ಗುಟ್ಟನ್ನು ಬಿಡಿಸಿ ಹೇಳಬೇಕು. ನಮ್ಮ ಮಗಳು ಹುಟ್ಟಿದಾಗಿನಿಂದ ಮಗ ಶಾಲೆಗೆ ಸೇರುವವರೆಗಿನ ಏಳು ವರ್ಷ ನಾವು ಸಿನಿಮಾ ನೋಡಿದ್ದು ಒಂದೇ ಟಿಕೆಟ್ಟಿನಲ್ಲಿ. ಮಗಳಿಗೆ ಕತ್ತಲೆ ಕಂಡರೆ ಆಗುತ್ತಿರಲಿಲ್ಲ. ಟಾಕೀಸಿನೊಳಗೆ ಕಾಲಿಟ್ಟ ಕೂಡಲೇ ಸೂರು ಕಿತ್ತುಹೋಗುವಂತೆ ಅಳುತ್ತಿದ್ದಳು. ಹಿಂದಿನ ಸಾಲಿನವರು ನಮ್ಮ ವಂಶವನ್ನು ವಿಚಾರಿಸಿಕೊಳ್ಳುತ್ತಿದ್ದರು. ಆದ್ದರಿಂದ ನಾವು ಒಂದು ಪದ್ಧತಿ ಮಾಡಿಕೊಂಡೆವು. ಮಧ್ಯಾಹ್ನದ ಆಟಕ್ಕೆ ಹೋಗುವುದು. ಇಂಟರ್ವಲ್ಲಿನವರೆಗೆ ನಾನು ಒಳಗೆ, ಅವಳು ಮಗುವಿನೊಂದಿಗೆ ಹೊರಗಿನ ವರಾಂಡದಲ್ಲಿ. ಇಂಟರ್ವಲ್ಲಿನಲ್ಲಿ ಅದಲುಬದಲು. ಆ ಹತ್ತು ನಿಮಿಷದಲ್ಲಿ ನಾನು ಮೊದಲ ಅರ್ಧದ ಕಥೆಯನ್ನು ಅವಳಿಗೆ ಒಪ್ಪಿಸಬೇಕು. ಅವಳು ಒಳಗೆ ಹೋಗಿ ಉಳಿದರ್ಧ ನೋಡಿ, ಮನೆಗೆ ನಡೆದು ಬರುವಾಗ ಅದನ್ನು ನನಗೆ ಹೇಳಬೇಕು. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವನಿಗೆ ನಮ್ಮ ಪರಿಚಯವಾಗಿ, "ಅಣ್ಣ ಬಂದ್ರು, ಅಕ್ಕ ಹೋಗ್ಲಿ ಬಿಡಿ," ಎಂದು ತಾನೇ ದಾರಿ ಬಿಡಿಸುತ್ತಿದ್ದ.

ಮನೆಗೆ ಅರ್ಧ ಗಂಟೆಯ ನಡಿಗೆ. ನಾನು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಅವಳು ಪಕ್ಕದಲ್ಲಿ ಕಥೆ ಹೇಳುತ್ತಾ. ಅವಳು ಕಥೆ ಹೇಳುವ ರೀತಿ ಹೇಗೆಂದರೆ, ಎಷ್ಟೋ ಸಲ ನಾನು ರಸ್ತೆಯ ಮಧ್ಯೆ ನಿಂತುಬಿಟ್ಟಿದ್ದೇನೆ. ಎರಡು ಸಲ ಸೈಕಲ್ಲಿನವರಿಂದ ಬೈಸಿಕೊಂಡಿದ್ದೇನೆ. ಒಂದು ಸಲ ಕಣ್ಣೊರೆಸಿಕೊಳ್ಳಲು ಹೋಗಿ ಮಗುವಿನ ಟೋಪಿ ಕಳೆದಿದ್ದೇನೆ. ಮಕ್ಕಳು ದೊಡ್ಡವರಾದ ಮೇಲೆ ಎರಡೆರಡು ಟಿಕೆಟ್ಟು ಕೊಂಡು ಪೂರ್ತಿ ಚಿತ್ರಗಳನ್ನೂ ನೋಡಿದೆವು. ಯಾಕೋ ಅವು ಒಂದೂ ನನಗೆ ಹಿಡಿಸಲಿಲ್ಲ. ಈಗಿನವರಿಗೆ ಚಿತ್ರ ಮುಗಿಸಲು ಬರುವುದಿಲ್ಲ ಎಂದು ನಾನು ಆಗಲೇ ತೀರ್ಮಾನಿಸಿದ್ದೆ.

ಪಟ್ಟಿಯ ಐದೂ ಚಿತ್ರಗಳು ಸಹಜವಾಗಿಯೇ ಆ ಏಳು ವರ್ಷದವು. (ಅವುಗಳ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತೆಗೆದವರು ಎಲ್ಲೋ ಬದುಕಿದ್ದಾರು, ಪಾಪ.) ನಮ್ಮ ಮನೆಯಲ್ಲಿ ಚಿತ್ರಗಳನ್ನು ಕರೆಯುವುದೇ ಬೇರೆ ರೀತಿ. ಒಂದನೆಯದು ಸೇತುವೆ ಪಿಚ್ಚರು, ಎರಡನೆಯದು ರೇಡಿಯೋದವನ ಪಿಚ್ಚರು, ಮೂರನೆಯದು ಅತ್ತೆ ಓಡಿಹೋಗುವ ಪಿಚ್ಚರು, ಹೀಗೆ.

"ಐದರಲ್ಲಿ ಎರಡೂವರೆ ನಿಮ್ದು, ಎರಡೂವರೆ ನನ್ದು," ಎಂದಳು ಹೆಂಡತಿ. "ಹಾಗಾದ್ರೆ ಕೆಳಗೆ ನನ್ನ ಹೆಸರೂ ಹಾಕಿ."

"ನೌಕರರಿಗೆ ಮಾತ್ರ ಅವಕಾಶ ಕಣೇ. ನಿಯಮ."

"ನೋಡಿದ್ದು ನಾನು, ಹೆಸರು ನಿಮ್ದಾ?"

"ಗಂಡ ಹೆಂಡತಿ ಅಂದ ಮೇಲೆ ನೋಡಿದ್ದರಲ್ಲಿ ನಿನ್ದು ನನ್ದು ಅಂತ ಏನಿದೆ," ಎಂದೆ, ಉದಾತ್ತ ಧ್ವನಿಯಲ್ಲಿ. ಈ ಉದಾತ್ತ ಧ್ವನಿ ನನಗೆ ಬೇಕಾದಾಗ ಬರುತ್ತದೆ.

ಅವಳು ಒಂದು ಟವೆಲನ್ನು ಅಗತ್ಯಕ್ಕಿಂತ ಹೆಚ್ಚು ಸಲ ಮಡಿಸಿ ಪಕ್ಕಕ್ಕಿಟ್ಟಳು.

ನಾನು ಕಾರಣಗಳನ್ನು ಬರೆಯತೊಡಗಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಸೇತುವೆ ಪಿಚ್ಚರಿಗೆ: 'ಕಡೆಯ ದೃಶ್ಯದಲ್ಲಿ ಸೇತುವೆಯ ಮೇಲೆ ಒಂದು ಜೊತೆ ಚಪ್ಪಲಿ ಕೈ ಬದಲಾಗುತ್ತದೆ. ಅದನ್ನು ನೋಡಿ ಕಣ್ಣು ಒದ್ದೆಯಾಗದವನು ಕಲ್ಲು.' ರೇಡಿಯೋದವನ ಪಿಚ್ಚರಿಗೆ: 'ರೇಡಿಯೋ ವಾಪಸು ಕೊಡುವಾಗ ಅವನು ಆಡುವ ಒಂದೇ ಒಂದು ಮಾತಿಗಾಗಿ.' ಉಳಿದ ಮೂರಕ್ಕೂ ಹಾಗೆಯೇ. ಐದರಲ್ಲಿ ಐದು ಕಾರಣವೂ ಕೊನೆಯ ಬಗ್ಗೆಯೇ ಇತ್ತು. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ. ಅವಳ ಗಮನಕ್ಕೆ ಬಂತು.

"ರೀ, ಕೊನೆ ಬಗ್ಗೆ ಬರೀಬೇಡಿ," ಎಂದಳು.

"ಯಾಕೆ?"

"ಮೊದಲ ಅರ್ಧ ಚೆನ್ನಾಗಿತ್ತು ಅಂತ ಬರೀರಿ. ನೀವು ನೋಡಿದ್ದು ಅದೇ ತಾನೇ."

ಹೆಸರು ಹಾಕದ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ. ಕೊನೆಗಳೆಲ್ಲ ತನ್ನ ಪಾಲಿನವು, ಅವನ್ನು ನಾನು ಬಳಸಬಾರದು ಎಂಬ ಹಠ ಇದ್ದೀತು. ಸ್ವಲ್ಪ ಹೊತ್ತು ಅವಳ ಮೇಲೆ ಕನಿಕರಪಟ್ಟು, ಹಾಳೆಯ ಕೆಳಗೆ ಸಹಿ ಮಾಡಿದೆ. ಕೈಗೆ ಅಭ್ಯಾಸವಾಗಿಬಿಟ್ಟಿದೆ ನೋಡಿ, ಸಹಿಯ ಮೇಲೆ 'ಖುದ್ದು ಪರಿಶೀಲಿಸಲಾಗಿದೆ' ಎಂದೂ ಬರೆದುಬಿಟ್ಟೆ. ಮಾರನೆಯ ದಿನ ಆಫೀಸಿನಲ್ಲಿ ಇಲಾಖೆಯ ದುಂಡು ಮುದ್ರೆಯನ್ನೂ ಒತ್ತಿದೆ. ಮುದ್ರೆಯಿಲ್ಲದ ಕಾಗದ ನನ್ನ ಕಣ್ಣಿಗೆ ಬೋಳು ಬೋಳಾಗಿ ಕಾಣುತ್ತದೆ.

ಪಟ್ಟಿ ಗೆದ್ದಿತು. ಟೈಪಿಸ್ಟ್ ಮೇಡಂ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಅಕೌಂಟೆಂಟು ಐದೂ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದ. ಸಾಹೇಬರು ಮೆಟ್ಟಿಲ ಮೇಲೆ ಸಿಕ್ಕವರು ನಿಂತು, "ನಿಮ್ಮೊಳಗೆ ಇಂಥದ್ದೆಲ್ಲ ಇದೆ ಅಂತ ಗೊತ್ತೇ ಇರ್ಲಿಲ್ಲ ಕಣ್ರೀ," ಎಂದರು. ನನಗೂ ಗೊತ್ತಿರಲಿಲ್ಲ ಎಂದು ಹೇಳದೆ ವಿನಯದಿಂದ ತಲೆ ತಗ್ಗಿಸಿದೆ. ಸಂಘದ ಕಾರ್ಯದರ್ಶಿ ಸೇತುವೆ ಪಿಚ್ಚರನ್ನು ಎಲ್ಲಿಂದಲೋ ಹುಡುಕಿ ತಂದೇಬಿಟ್ಟ. ಶನಿವಾರ ಪ್ರದರ್ಶನ, ಎಲ್ಲರೂ ಮನೆಯವರೊಂದಿಗೆ ಬರಬೇಕು, ಮೊದಲಿಗೆ ನಾನು ನಾಲ್ಕು ಮಾತು ಆಡಬೇಕು, ಮುಗಿದ ಮೇಲೆ ಸಾಹೇಬರು ಸಂಚಾಲಕನ ಹೆಸರು ಘೋಷಿಸುತ್ತಾರೆ ಎಂದು ನೋಟಿಸು ಬಂತು.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ಹೆಂಡತಿಯ ಮುಖ ಬಿಳಿಚಿಕೊಂಡಿತು.

"ತೋರಿಸ್ತಾರಾ? ಪೂರ್ತಿನಾ?"

"ಮತ್ತೆ? ಅರ್ಧ ತೋರಿಸೋಕೆ ಅವರಿಗೇನು ಹಸುಗೂಸಿದೆಯಾ?"

"ಬೇರೆ ಯಾವ್ದಾದ್ರೂ ಹಾಕೋಕೆ ಹೇಳಿ. ರೇಡಿಯೋದವನ್ದು ಹಾಕಿ." ಒಂದು ಕ್ಷಣ ಯೋಚಿಸಿದಳು. "ಬೇಡ, ಅದೂ ಬೇಡ. ಗುಂಡುಸೂಜಿಯವರ ಹೊಡೆದಾಟದ್ದು ಹಾಕಲಿ ಬಿಡಿ, ಜನಕ್ಕೆ ಖುಷಿಯಾಗುತ್ತೆ."

ಇದು ಶುದ್ಧ ಹೊಟ್ಟೆಕಿಚ್ಚು ಎಂದು ನನಗೆ ಖಾತ್ರಿಯಾಯಿತು. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಿಂದ ತಲೆಯೆತ್ತಿ, "ಅಪ್ಪಾ, ಒಂದ್ಸಲ ಮನೇಲೇ ನೋಡ್ಕೊಂಡು ಹೋಗು. ಇದ್ರಲ್ಲೇ ಸಿಗುತ್ತೆ," ಎಂದಳು. ಒಮ್ಮೆ ಪರೀಕ್ಷಿಸಿ ಮುದ್ರೆ ಒತ್ತಿದ್ದನ್ನು ನಾನು ಮತ್ತೆ ಪರೀಕ್ಷಿಸುವುದಿಲ್ಲ ಎಂದೆ. ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆ ನೋಡಿದಳು.

"ನಾನಂತೂ ಶನಿವಾರ ಬರಲ್ಲ. ತಲೆನೋವು," ಎಂದಳು ಹೆಂಡತಿ.

"ಇವತ್ತು ಮಂಗಳವಾರ."

"ಶನಿವಾರದ ಹೊತ್ತಿಗೆ ಬರುತ್ತೆ."

ಶನಿವಾರ ಸಭಾಂಗಣ ತುಂಬಿತ್ತು. ಕಿಟಕಿಗಳಿಗೆ ಹಳೆಯ ಕಡತ ಕಟ್ಟುವ ಕೆಂಪು ಬಟ್ಟೆ ಇಳಿಬಿಟ್ಟು ಕತ್ತಲೆ ಮಾಡಿದ್ದರು. ಸಾಹೇಬರು, ಅವರ ಶ್ರೀಮತಿಯವರು ಮೊದಲ ಸಾಲಿನಲ್ಲಿ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದ್ದು ನಿಂತೆ. ನಾಲ್ಕು ಮಾತು ಎಂದಿದ್ದರು. ನಾನು ಸುಮಾರು ನಾನೂರು ಆಡಿದೆ. ನದಿಯ ಒಂದು ದಡದಲ್ಲಿ ಎಂಜಿನಿಯರ್ ಅಣ್ಣ, ಇನ್ನೊಂದು ದಡದಲ್ಲಿ ಜಗಳವಾಡಿಕೊಂಡು ದೂರವಾದ ತಮ್ಮ. ಅಣ್ಣ ಸೇತುವೆ ಕಟ್ಟುತ್ತಾನೆ. ಇಂಟರ್ವಲ್ಲಿನ ಹೊತ್ತಿಗೆ ಪ್ರವಾಹ ಬಂದು ಅರ್ಧ ಸೇತುವೆ ಕೊಚ್ಚಿಹೋಗುತ್ತದೆ. ಇಷ್ಟನ್ನು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಕಡೆಯ ದೃಶ್ಯದಲ್ಲಿ," ಎಂದೆ, ಧ್ವನಿ ತಗ್ಗಿಸಿ, "ಮತ್ತೆ ಕಟ್ಟಿದ ಸೇತುವೆಯ ಎರಡು ತುದಿಗಳಿಂದ ಅಣ್ಣ ತಮ್ಮ ನಡೆದು ಬರುತ್ತಾರೆ. ನಡು ಸೇತುವೆಯ ಮೇಲೆ ಎದುರಾಗುತ್ತಾರೆ. ಒಂದೂ ಮಾತಿಲ್ಲ. ತಮ್ಮನ ಕಾಲು ಬರಿಗಾಲು. ಅಣ್ಣ ತನ್ನ ಚಪ್ಪಲಿ ಬಿಟ್ಟು ಅವನ ಮುಂದೆ ಸರಿಸುತ್ತಾನೆ. ಅಷ್ಟೆ. ದಯವಿಟ್ಟು ಎಲ್ಲರೂ ಕರವಸ್ತ್ರ ಸಿದ್ಧ ಇಟ್ಟುಕೊಳ್ಳಿ."

ಸಾಹೇಬರ ಶ್ರೀಮತಿಯವರು ಚೀಲ ತೆರೆದು ಕರವಸ್ತ್ರ ತೆಗೆದು ಮಡಿಲಲ್ಲಿಟ್ಟುಕೊಂಡರು.

ಮೊದಲ ಅರ್ಧ ಸುಖವಾಗಿ ನಡೆಯಿತು. ನಾನು ಚಿತ್ರವನ್ನು ನೋಡಿದ್ದಕ್ಕಿಂತ ನೋಡುವವರ ಮುಖಗಳನ್ನು ನೋಡಿದ್ದು ಹೆಚ್ಚು. ಇಂಟರ್ವಲ್ಲಿನಲ್ಲಿ ಚಹಾ ಬಂತು. ಹಲವರು ನನ್ನ ಕೈ ಕುಲುಕಿದರು. ಮತ್ತೆ ದೀಪ ಆರಿದಾಗ ನನಗೇ ಒಂದು ಬಗೆಯ ಪುಳಕವಾಯಿತು, ಯಾಕೆಂದರೆ ಈ ಚಿತ್ರದ ಇಂಟರ್ವಲ್ಲಿನ ಆಚೆಗಿನ ಪ್ರಪಂಚವನ್ನು ನಾನೂ ಮೊದಲ ಸಲ ನೋಡುವವನಿದ್ದೆ. ಅದನ್ನು ಯಾರಿಗೂ ತೋರಗೊಡಲಿಲ್ಲ.

ಎರಡನೆಯ ಅರ್ಧ ಶುರುವಾದ ಹತ್ತು ನಿಮಿಷಕ್ಕೆ ಅಣ್ಣ ಮೋಟಾರ್ ಸೈಕಲ್ ಹತ್ತಿದ. ಹತ್ತಿದವನು ಇಳಿಯಲೇ ಇಲ್ಲ. ಒಂದು ಹುಡುಗಿಯನ್ನು ಹಿಂದೆ ಕೂರಿಸಿಕೊಂಡು ಮೂರು ಹಾಡು ಹಾಡಿದ. ತಮ್ಮ ಕಳ್ಳಸಾಗಣೆ ಮಾಡುತ್ತಿದ್ದಾನೆಂದು ತಿಳಿಯಿತು. ಸೇತುವೆಯನ್ನು ಬೀಳಿಸಿದ್ದು ಪ್ರವಾಹವಲ್ಲ, ತಮ್ಮ ಇಟ್ಟ ಸಿಡಿಮದ್ದು. ನಾನು ಕುರ್ಚಿಯ ಅಂಚಿಗೆ ಬಂದೆ. ಚಪ್ಪಲಿ ಇನ್ನೇನು ಬರಬೇಕು, ಇನ್ನೇನು ಬರಬೇಕು ಎಂದು ಕಾದೆ. ಕಡೆಗೆ, ಮತ್ತೆ ಕಟ್ಟಿದ ಸೇತುವೆಯ ಎರಡು ತುದಿಗಳಿಂದ ಅಣ್ಣ ತಮ್ಮ ಬಂದದ್ದು ನಿಜ, ನಡೆದಲ್ಲ, ಓಡಿ. ನಡು ಸೇತುವೆಯ ಮೇಲೆ ಎದುರಾದದ್ದೂ ನಿಜ. ಎದುರಾದವರೇ ಏಳು ನಿಮಿಷ ಬಡಿದಾಡಿದರು. ಅಣ್ಣ ತಮ್ಮನನ್ನು ತಲೆಯ ಮೇಲೆತ್ತಿ ನದಿಗೆ ಎಸೆದ. ಎಸೆಯುವಾಗ ತಮ್ಮನ ಒಂದು ಬೂಟು ಕಳಚಿ ಸೇತುವೆಯ ಮೇಲೆ ಬಿತ್ತು.

ಹಿಂದಿನಿಂದ ಟೈಪಿಸ್ಟ್ ಮೇಡಂ ಮೆಲ್ಲಗೆ ಕೇಳಿದರು, "ಸಾರ್, ನೀವು ಚಪ್ಪಲಿ ಅಂದಿದ್ದು ಇದೇನಾ?"

ದೀಪ ಹತ್ತಿತು. ಸಾಹೇಬರ ಶ್ರೀಮತಿಯವರು ಮಡಿಕೆ ಬಿಚ್ಚದ ಕರವಸ್ತ್ರವನ್ನು ಚೀಲಕ್ಕೆ ಹಾಕಿಕೊಂಡರು. ಗುಂಡುಸೂಜಿ ನನ್ನ ಹತ್ತಿರ ಬಂದು, "ಫೈಟಿಂಗ್ ಇಷ್ಟು ಚೆನ್ನಾಗಿದೆ ಅಂತ ಮೊದ್ಲೇ ಹೇಳಿದ್ರೆ ನಾನು ಪಟ್ಟಿನೇ ಹಾಕ್ತಿರ್ಲಿಲ್ಲ," ಎಂದು ಮನಸಾರೆ ಹೇಳಿದ. ಅದು ವ್ಯಂಗ್ಯವಾಗಿದ್ದರೆ ಸಹಿಸಬಹುದಿತ್ತು. ಸಾಹೇಬರು ಯಾರ ಹೆಸರನ್ನೂ ಘೋಷಿಸಲಿಲ್ಲ. ಹೋಗುವಾಗ ನನ್ನ ಕಡೆ ನೋಡದೆ, "ಸೋಮವಾರ ಬಂದು ಕಾಣಿ. ಖುದ್ದು ಪರಿಶೀಲಿಸಿದ್ದೇನೆ ಅಂತ ಮುದ್ರೆ ಒತ್ತಿದ್ದೀರಿ," ಎಂದರು. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಅಂದು ಇಡೀ ಇಲಾಖೆ ಕುಟುಂಬ ಸಮೇತ ನೋಡಿತು.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಡಬ್ಬಗಳಿಗೆ ಕಾಗದ ಬದಲಿಸುತ್ತಿದ್ದಳು. ತಲೆನೋವಿನ ಸುಳಿವೂ ಇರಲಿಲ್ಲ.

"ಚಪ್ಪಲಿ ಎಲ್ಲಿ?" ಎಂದೆ.

"ಬಾಗಿಲ ಹತ್ರಾನೇ ಇದೆಯಲ್ಲ."

"ಆ ಚಪ್ಪಲಿ ಅಲ್ಲ. ಸೇತುವೆ ಮೇಲಿನ ಚಪ್ಪಲಿ."

ಅವಳು ಡಬ್ಬವನ್ನು ಕೆಳಗಿಟ್ಟಳು. ಸ್ಟೂಲು ಎಳೆದುಕೊಂಡು ಕೂತಳು. ತಪ್ಪು ಮಾಡಿದವರ ಹಾಗಿರಲಿಲ್ಲ. ಬಹಳ ದಿನದಿಂದ ಮುಂದೂಡಿದ ಕೆಲಸವೊಂದನ್ನು ಇವತ್ತು ಮಾಡಿಯೇ ಬಿಡೋಣ ಎನ್ನುವವರ ಹಾಗಿದ್ದಳು.

"ನಾನು ನಿದ್ದೆ ಮಾಡ್ತಿದ್ದೆ ರೀ," ಎಂದಳು.

"ಸೇತುವೆ ಪಿಚ್ಚರಿನಲ್ಲಾ?"

"ಹೆಚ್ಚುಕಮ್ಮಿ ಎಲ್ಲದ್ರಲ್ಲೂ. ಇಬ್ರು ಸಣ್ಣ ಮಕ್ಕಳು. ಒಬ್ಬಳು ಮಲಗಿದ್ರೆ ಇನ್ನೊಬ್ಬ ಏಳ್ತಿದ್ದ. ಒಂದೂವರೆ ಗಂಟೆ ಯಾರೂ ಅಮ್ಮಾ ಅಂತ ಕೂಗದೇ ಇರೋ ಜಾಗ ಅಂದ್ರೆ ಆ ಟಾಕೀಸು ಒಂದೇ ಇತ್ತು ನನ್ಗೆ. ಕತ್ತಲೆ, ಫ್ಯಾನು, ಮೆತ್ತನೆ ಸೀಟು. ಹೋಗಿ ಕೂತ್ರೆ ಜನ ಏಳೋವಾಗ್ಲೇ ಎಚ್ಚರ."

"ಮತ್ತೆ ಕಥೆ?"

"ನೀವು ಹೊರಗೆ ಮಗು ಎತ್ಕೊಂಡು ನಿಂತಿರ್ತಿದ್ರಿ. 'ಆಮೇಲೇನಾಯ್ತು' ಅಂತ ಮುಖ ಇಷ್ಟಗಲ ಮಾಡ್ಕೊಂಡು ಕೇಳ್ತಿದ್ರಿ. ನಿದ್ದೆ ಮಾಡ್ದೆ ಅಂತ ಹೇಗೆ ಹೇಳ್ಲಿ? ದಾರೀಲಿ ನಡೀತಾ ನಡೀತಾ ಏನು ತೋಚಿತೋ ಅದು ಹೇಳ್ತಿದ್ದೆ."

ನಾನು ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. ಏಳು ವರ್ಷ. ಮೂವತ್ತು ಚಿತ್ರಗಳು. ಸೈಕಲ್ಲಿನವರ ಬೈಗುಳ. ಟೋಪಿ.

"ಇದು ಮೋಸ ಕಣೇ," ಎಂದೆ. "ನಾನು ಮೊದಲ ಅರ್ಧವನ್ನ ಅಷ್ಟು ಪ್ರಾಮಾಣಿಕವಾಗಿ ನಿನಗೆ ಒಪ್ಪಿಸ್ತಿದ್ದೆ."

ಈ ಮಾತಿಗೆ ಅವಳು ನಕ್ಕಳು. ಅಂದು ಅವಳು ನಕ್ಕದ್ದು ಅದೊಂದೇ ಸಲ.

"ಮೊಟ್ಟಮೊದಲ ಪಿಚ್ಚರು ನಾನು ಪೂರ್ತಿ ಎಚ್ಚರವಾಗಿದ್ದೇ ನೋಡಿದ್ದು ರೀ. ಇಂಟರ್ವಲ್ಲಲ್ಲಿ ನೀವು ಏನು ಹೇಳಿದ್ರಿ ನೆನಪಿದ್ಯಾ? ಮೀಸೆಯವನು ನಾಯಕಿಯ ಗಂಡ, ಕನ್ನಡಕದವನು ಡಾಕ್ಟರು ಅಂತ. ಒಳಗೆ ಹೋಗಿ ನೋಡಿದ್ರೆ ಮೀಸೆಯವನು ಅವಳಪ್ಪ. ಕನ್ನಡಕದವನು ಕೊಲೆಗಾರ. ಒಂದು ಗಂಟೆ ತಲೆ ಚಚ್ಕೊಂಡೆ, ಈ ಡಾಕ್ಟರು ಯಾಕೆ ಎಲ್ಲರನ್ನೂ ಕೊಲ್ತಿದ್ದಾನೆ ಅಂತ. ಎರಡನೇ ಪಿಚ್ಚರಲ್ಲೂ ಹಾಗೇ. ಮೂರನೇದ್ರಿಂದ ಯಾಕೆ ಕಷ್ಟ ಪಡೋದು ಅಂತ ಕಣ್ಣು ಮುಚ್ಕೊಂಡೆ."

ಯೋಚಿಸಿ ನೋಡಿದೆ. ನಾನು ತಪ್ಪಾಗಿ ಒಪ್ಪಿಸಿದ ಮೊದಲ ಅರ್ಧಕ್ಕೆ ಅವಳು ನಿದ್ದೆಯಿಂದೆದ್ದು ಕಟ್ಟಿದ ಎರಡನೆಯ ಅರ್ಧ ಸೇರಿಸಿದರೆ, ನನ್ನ ಪಟ್ಟಿಯ ಐದು ಚಿತ್ರಗಳನ್ನು ಈ ಭೂಮಿಯ ಮೇಲೆ ಯಾರೂ ತೆಗೆದೇ ಇಲ್ಲ. ಇಲ್ಲದ ಐದು ಕಲ್ಲುಗಳಿಗೆ ನಾನು ಮುದ್ರೆ ಒತ್ತಿದ್ದೆ. ನಿಜ ಹೇಳುತ್ತೇನೆ, ಬೇಸರವಾಯಿತು. ಪದವಿ ಹೋದದ್ದಕ್ಕಲ್ಲ; ಆ ಅಣ್ಣ ತಮ್ಮ ಸೇತುವೆಯ ಮೇಲೆ ಎಂದೂ ಹಾಗೆ ನಿಂತಿರಲಿಲ್ಲವಲ್ಲ ಎಂದು.

ಸೋಮವಾರ ಸಾಹೇಬರ ಕೋಣೆಯಲ್ಲಿ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಒಂದು ಟಿಕೆಟ್ಟಿನಿಂದ ಹಿಡಿದು ನಿದ್ದೆಯವರೆಗೆ. ಸಾಹೇಬರು ಮೇಜಿನ ಮೇಲಿನ ಗಾಜಿನ ಗುಂಡನ್ನು ಸುಮ್ಮನೆ ಉರುಳಿಸುತ್ತಾ ಕೇಳಿದರು.

"ಹಾಗಾದ್ರೆ ಆ ಚಪ್ಪಲಿ?"

"ನನ್ನ ಹೆಂಡತಿಯದು ಸಾರ್."

"ರೇಡಿಯೋದವನು ಆಡೋ ಮಾತು?"

"ಅದೂ ಅವಳದೇ."

"ಏನದು ಮಾತು?" ಎಂದರು ಸಾಹೇಬರು. ಸ್ವಲ್ಪ ಮುಂದೆ ಬಾಗಿದ್ದರು. "ನಮ್ಮ ಮನೆಯವರು ಶನಿವಾರದಿಂದ ಕೇಳ್ತಿದ್ದಾರೆ ರೀ. ಆ ಫೈಟಿಂಗ್ ನೋಡಿ ಬಂದವರು, ಇದಕ್ಕಿಂತ ಅವರು ಹೇಳಿದ ಕೊನೆನೇ ಚೆನ್ನಾಗಿತ್ತಲ್ಲ, ಉಳಿದ ನಾಲ್ಕರ ಕೊನೆ ಏನಂತೆ ಅಂತ."

ನಾನು ಮಾತು ಹೇಳಲು ಬಾಯಿ ತೆರೆದೆ. ಸಾಹೇಬರು ಕೈಯೆತ್ತಿ ತಡೆದರು. "ನೀವು ಬೇಡ. ನೀವು ಹೇಳಿದ್ರೆ ಮೀಸೆ ಕನ್ನಡಕ ಎಲ್ಲ ಅದಲುಬದಲಾಗುತ್ತೆ."

ಹೀಗೆ, ಆ ವಾರ ಇಷ್ಟು ನಡೆಯಿತು. ಸಂಚಾಲಕ ನೌಕರನೇ ಆಗಿರಬೇಕೆಂಬ ನಿಯಮ ಇದ್ದದ್ದರಿಂದ ಆ ಪದವಿ ಗುಂಡುಸೂಜಿಗೆ ಹೋಯಿತು. ಮುಂದಿನ ತಿಂಗಳು ರೇಡಿಯೋದವನ ಪಿಚ್ಚರನ್ನು ಇಂಟರ್ವಲ್ಲಿನವರೆಗೆ ಮಾತ್ರ ತೋರಿಸುವುದು, ಉಳಿದದ್ದನ್ನು ಇನ್ಸ್‌ಪೆಕ್ಟರ ಶ್ರೀಮತಿಯವರು ಹೇಳುವುದು ಎಂದು ಅವನು ನೋಟಿಸು ಹಾಕಿದ. ಅದರಲ್ಲಿ ನನಗೂ ಒಂದು ಹೊಣೆಯಿತ್ತು: ಇಂಟರ್ವಲ್ಲಿನಲ್ಲಿ ಪ್ರೊಜೆಕ್ಟರಿನ ಸ್ವಿಚ್ ಆರಿಸುವುದು. ಹೆಂಡತಿ ಮೊದಲು ಆಗುವುದಿಲ್ಲ ಎಂದಳು, ಆಮೇಲೆ ನೋಡೋಣ ಎಂದಳು, ಆಮೇಲೆ ಯಾವ ಸೀರೆ ಎಂದು ಮಗಳನ್ನು ಕೇಳಿದಳು.

ಆ ಶನಿವಾರ ಜನ ಕಿಟಕಿಗಳ ಕಟ್ಟೆಯ ಮೇಲೂ ಕೂತಿದ್ದರು. ಚಿತ್ರದ ಮೊದಲರ್ಧ ಹೀಗೆ: ಸಣ್ಣ ಓಣಿಯೊಂದರಲ್ಲಿ ರೇಡಿಯೋ ರಿಪೇರಿ ಮಾಡುವ ಒಬ್ಬ ಒಂಟಿ ಮನುಷ್ಯ. ಒಬ್ಬ ಹೆಂಗಸು ರೇಡಿಯೋ ಕೊಟ್ಟು ಹೋಗುತ್ತಾಳೆ, ವಾಪಸು ಬರುವುದೇ ಇಲ್ಲ. ವರ್ಷಗಳು ಕಳೆಯುತ್ತವೆ. ಅವನು ಅಂಗಡಿ ಬಾಗಿಲು ನೋಡುತ್ತಾ ಕೂತಲ್ಲಿಗೆ ಇಂಟರ್ವಲ್ಲು. ನಾನು ಸ್ವಿಚ್ ಆರಿಸಿದೆ. ಹೆಂಡತಿ ಮುಂದೆ ಬಂದು, ಮೈಕು ಬೇಡವೆಂದು ಪಕ್ಕಕ್ಕಿಟ್ಟು, ಕುರ್ಚಿಯಲ್ಲಿ ಕೂತು ಹೇಳತೊಡಗಿದಳು. ಆ ಧ್ವನಿ ನನಗೆ ಗೊತ್ತು. ಹೆಗಲ ಮೇಲೆ ಮಗು ಇಲ್ಲದಿದ್ದದ್ದೊಂದೇ ವ್ಯತ್ಯಾಸ.

"ಹನ್ನೆರಡು ವರ್ಷ ಆದ್ಮೇಲೆ ಅವಳು ಬಂದಳು. ಕೂದಲು ನರೆತಿತ್ತು. 'ಒಂದು ರೇಡಿಯೋ ಕೊಟ್ಟಿದ್ದೆ' ಅಂದಳು. ಅವನು ಎದ್ದು ನಿಂತ."

ಈಗ ಅವನು ರೇಡಿಯೋ ತಂದು ಮುಂದಿಡುತ್ತಾನೆ. 'ನಿಮ್ಮ ಸ್ಟೇಷನ್ನಿನ ಮೇಲೇ ಇದೆ, ಮುಳ್ಳು ತಿರುಗಿಸಿಲ್ಲ,' ಎನ್ನುತ್ತಾನೆ. ಆ ಮಾತಿಗಾಗಿಯೇ ಇದು ನನ್ನ ಪಟ್ಟಿಯಲ್ಲಿರುವುದು. ನಾನು ಕಾದೆ.

"ಅವನು ಹೇಳಿದ," ಎಂದಳು ನನ್ನ ಹೆಂಡತಿ, "'ಇನ್ನೂ ಆಗಿಲ್ಲ. ನಾಳೆ ಬನ್ನಿ.'"

ನಾನು ಪ್ರೊಜೆಕ್ಟರಿನ ಪಕ್ಕದಿಂದ ಎದ್ದು ನಿಂತೆ. "ಅದು ಹಾಗಲ್ಲ," ಎಂದೆ. "ಅವನು ರೇಡಿಯೋ ಕೊಟ್ಟುಬಿಡ್ತಾನೆ."

ಎಲ್ಲರೂ ನನ್ನ ಕಡೆ ತಿರುಗಿದರು. ಸಂಚಾಲಕನಾದ ಗುಂಡುಸೂಜಿ ಬಹಳ ಮರ್ಯಾದೆಯಿಂದ ಕೇಳಿದ, "ನೀವು ನೋಡಿದ್ದೀರಾ ಸಾರ್?"

ಹೆಂಡತಿಯೂ ನನ್ನನ್ನೇ ನೋಡುತ್ತಿದ್ದಳು.

"ಇಲ್ಲ," ಎಂದೆ.

"ಹಾಗಾದ್ರೆ ಕೂತ್ಕೊಳ್ಳಿ. ಮೇಡಂ ಹೇಳ್ಲಿ."

ಕೂತೆ. ಅವಳು ಮುಂದುವರಿಸಿದಳು. 'ಇನ್ನೂ ಆಗಿಲ್ಲ' ಎಂದು ಅವನು ಹೇಳುತ್ತಿರುವಾಗಲೇ ಅಂಗಡಿಯ ಪರದೆಯ ಹಿಂದೆ ಆ ರೇಡಿಯೋ ಸಣ್ಣಗೆ ಹಾಡುತ್ತಿತ್ತಂತೆ. ಅದು ಅವಳಿಗೆ ಕೇಳಿಸಿತಂತೆ. ಕೇಳಿಸಿದ್ದು ಅವನಿಗೂ ಗೊತ್ತಾಯಿತಂತೆ. ಅವಳು ಸ್ವಲ್ಪ ಹೊತ್ತು ನಿಂತು, "ಸರಿ, ನಾಳೆ ಬರ್ತೀನಿ," ಎಂದು ಓಣಿಗೆ ಇಳಿದಳಂತೆ.

ಸಾಹೇಬರ ಶ್ರೀಮತಿಯವರು ಕರವಸ್ತ್ರ ತೆಗೆದರು. ಟೈಪಿಸ್ಟ್ ಮೇಡಂ ಕನ್ನಡಕ ತೆಗೆದರು. ನಾನು ಪ್ರೊಜೆಕ್ಟರಿನ ಹಿಂದೆ ಬಗ್ಗಿ, ವೈರು ಸರಿಪಡಿಸುವವನಂತೆ ಸಾಕಷ್ಟು ಹೊತ್ತು ಹಾಗೆಯೇ ಇದ್ದೆ. ನನ್ನ ಪಟ್ಟಿಯಲ್ಲಿದ್ದ ಕೊನೆಗಿಂತ ಇದು ಚೆನ್ನಾಗಿತ್ತು ಎಂಬುದನ್ನು ಮುದ್ರೆಯಿಲ್ಲದೆಯೇ ಒಪ್ಪಿಕೊಳ್ಳುತ್ತೇನೆ.

ಮನೆಗೆ ನಡೆದೇ ಹೊರಟೆವು. ಎರಡು ಬೀದಿ ದಾಟುವವರೆಗೆ ತಡೆದುಕೊಂಡೆ. ಅದಕ್ಕಿಂತ ಹೆಚ್ಚು ತಡೆಯಲಾಗಲಿಲ್ಲ.

"ಆಮೇಲೆ?" ಎಂದೆ. "ಮಾರನೇ ದಿನ ಅವಳು ಬಂದಳಾ?"

"ನನಗೇನು ಗೊತ್ತು ರೀ," ಎಂದಳು ಹೆಂಡತಿ. "ನಾನು ನಿದ್ದೆ ಮಾಡ್ತಿದ್ದೆ."